ಅಟ್ಟದ ಮೇಲಿನ ಕೆಮ್ಮು

ಬಂಟ್ವಾಳ ಪೇಟೆಯ ನನ್ನ ಜೀನಸಿನ ಅಂಗಡಿಗೆ ಅತಿ ಹೆಚ್ಚು ಲಾಭ ತಂದ ಗಂಟಲು ಯಾರದೆಂದು ಕೇಳಿದರೆ ತುಕ್ರಪ್ಪನದು ಎಂದೇ ಹೇಳಬೇಕು. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಅವನಿಗೆ ಹತ್ತಿದ ಕೆಮ್ಮಿನಿಂದಾಗಿ ನನ್ನಲ್ಲಿದ್ದ ಕಲ್ಲುಸಕ್ಕರೆ, ಜ್ಯೇಷ್ಠಮಧು ಎಲ್ಲ ಖಾಲಿಯಾಗಿ ಮತ್ತೊಮ್ಮೆ ತರಿಸಬೇಕಾಯಿತು.

ತುಕ್ರಪ್ಪನೂ ವ್ಯಾಪಾರಿಯೇ. ಘಟ್ಟದ ಮೇಲಿನಿಂದ ಬೆಳ್ತಂಗಡಿ ಸಂತೆಗೆ ಬರುವ ಒಣಮೆಣಸು ಕೊಂಡು ನಮ್ಮ ಕಡೆ ಮಾರುತ್ತಿದ್ದ. ಮಾಲು ಎಷ್ಟು ಉಳಿದಿದೆ, ಎಲ್ಲಿದೆ ಎಂದು ಯಾರಿಗೂ ಬಾಯಿಬಿಡುವವನಲ್ಲ. ಮನೆಯ ಅಟ್ಟದ ಏಣಿಗೆ ಹೆಂಡತಿ ಸೇಸಮ್ಮನೂ ಕಾಲಿಡುವಂತಿರಲಿಲ್ಲ. ರಾತ್ರಿ ಅವನು ಚಾವಡಿಯಲ್ಲಿ, ಆ ಏಣಿಯ ಬುಡದಲ್ಲೇ ಹಾಸಿಗೆ ಹಾಸಿ ಮಲಗುತ್ತಿದ್ದ.

ಸೇಸಮ್ಮ ಕಾಳುಮೆಣಸಿನ ಕಷಾಯ ಕುಡಿಸಿದಳು. ಪಕ್ಕದ ಮನೆಯ ಜೈನಬಮ್ಮ ನೀರುಳ್ಳಿಯ ರಸಕ್ಕೆ ಬೆಲ್ಲ ಕಲಸಿ ಕೊಟ್ಟರು. ಕುಡಿದಾಗ ಹಿತ, ಮಲಗಿದಾಗ ಮತ್ತೆ ಶುರು.

ನಡುವೆ ಒಮ್ಮೆ ಮೂಡುಬಿದಿರೆಯ ತಂಗಿಯ ಮನೆಗೆ ಹೋಗಿ ಕೆಲವು ದಿನ ಇದ್ದ. ಅಲ್ಲಿ ಕೆಮ್ಮೇ ಇಲ್ಲ. ಬೇರೆಯವರಾಗಿದ್ದರೆ ಏಕೆಂದು ಯೋಚಿಸುತ್ತಿದ್ದರು. ತುಕ್ರಪ್ಪ ನೇರವಾಗಿ ತೀರ್ಮಾನಕ್ಕೇ ಬಂದ: ಅದು ಮೂಡುಬಿದಿರೆಯ ನೀರಿನ ಗುಣ. ಬರುವಾಗ ತಂಗಿಯ ಬಾವಿಯ ನೀರನ್ನು ಕೊಡಪಾನದಲ್ಲಿ ತುಂಬಿಸಿ, ಬಾಯಿಗೆ ಬಾಳೆಲೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಅರ್ಧ ನೀರು ಕಂಡಕ್ಟರನ ಕಾಲಿಗೆ ಹೋಯಿತು. ಉಳಿದದ್ದನ್ನು ತೀರ್ಥದಂತೆ ಕುಡಿದು ತನ್ನ ಚಾವಡಿಯಲ್ಲಿ ಮಲಗಿದ. ಬೆಳಿಗ್ಗೆ ಜೈನಬಮ್ಮ ಬೇಲಿಯಾಚೆಯಿಂದ, "ತುಕ್ರಪ್ಪಣ್ಣ ಊರಿಗೆ ಬಂದದ್ದು ಇಡೀ ಓಣಿಗೆ ಗೊತ್ತಾಯ್ತು ಸೇಸಕ್ಕಾ" ಎಂದರು.

ನಾನೇ ಹೇಳಿದೆ: "ಡಾಕ್ಟ್ರಿಗೆ ತೋರಿಸು ಮಾರಾಯ. ಇದು ಕಲ್ಲುಸಕ್ಕರೆಗೆ ಹೋಗುವ ಕೆಮ್ಮಲ್ಲ." ವ್ಯಾಪಾರಿಯ ಬಾಯಿಂದ ಇಂಥ ಮಾತು ಸುಲಭವಾಗಿ ಬರುವುದಿಲ್ಲ.

"ತೋರಿಸಿದ್ರೆ ಮಂಗಳೂರಿಗೆ ಹೋಗಿ ಎದೆಯ ಫೋಟೋ ತೆಗೆಸು ಹೇಳ್ತಾರೆ ಧಣಿಗಳೇ. ಅಲ್ಲಿ ಯಾರಾದ್ರೂ ಕಂಡ್ರೆ? ನಾನು ಬಸ್ಸಿಳಿಯುವ ಮೊದಲೇ ತುಕ್ರಪ್ಪನಿಗೆ ಕ್ಷಯ ಅಂತ ಸುದ್ದಿ ಇಳಿದಿರ್ತದೆ. ಆಮೇಲೆ ನನ್ನ ಜಲಜನನ್ನು ಯಾರು ಕೇಳ್ತಾರೆ?"

ಅವನ ಹೆದರಿಕೆಗೆ ಕಾರಣವಿತ್ತು. ಮಗಳು ಜಲಜಾಕ್ಷಿಗೆ ಬೆಳ್ತಂಗಡಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಶಂಭು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ತಾಯಿ ಸರಸಮ್ಮ ಕ್ಷಯದಲ್ಲಿ ಗಂಡನನ್ನು ಕಳಕೊಂಡವರು. ಕೆಮ್ಮು ಕೇಳಿದ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಪ್ರತೀತಿ.

ಅವರು ಹೆಣ್ಣು ನೋಡಲು ಬರುವ ದಿನಕ್ಕೆ ಉಪಾಯ ಹೇಳಿದವನು ಸೇಸಮ್ಮನ ಅಣ್ಣ ಜತ್ತಪ್ಪ. "ನಮ್ಮಲ್ಲಿ ಹೆಣ್ಣಿನ ಕಡೆಯ ಮಾತು ಆಡುವುದು ಸೋದರಮಾವ. ನಾನು ಇದ್ದೇನಲ್ಲ, ಭಾವ ಎಂತಕ್ಕೆ? ಸಂತೆಗೆ ಹೋಗಿದ್ದಾರೆ ಹೇಳುವ."

"ನನಗೆ ಹುಡುಗನ ಮುಖ ನೋಡುವುದು ಬೇಡವಾ?" ತುಕ್ರಪ್ಪನ ಸ್ವರ ಸಣ್ಣದಾಯಿತು. "ನಾನು ಅಟ್ಟದಲ್ಲಿ ಇರ್ತೇನೆ. ಹಲಗೆಯ ಸಂದಿಯಲ್ಲಿ ಕಾಣ್ತದೆ."

ಆ ದಿನ ಪೇಟೆಯ ಗಣ್ಯನೆಂದು ನನ್ನನ್ನೂ ಕರೆದು ಚಾವಡಿಯಲ್ಲಿ ಕೂರಿಸಿದ್ದರು. ತಾಯಿ ಮಗ ಬಂದರು. ಬೆಲ್ಲ ನೀರು ಆಯಿತು. ಜತ್ತಪ್ಪ ಕುಟುಂಬದ ಹಿರಿಮೆಯನ್ನು ಅಜ್ಜಂದಿರ ಕಾಲದಿಂದ ಹಿಡಿದು ಹೇಳತೊಡಗಿದ.

"ಹುಡುಗಿಯ ಅಪ್ಪ ಕಾಣುವುದಿಲ್ಲ?" ಸರಸಮ್ಮ ಕೇಳಿದರು.

"ಬೆಳ್ತಂಗಡಿ ಸಂತೆಗೆ ಹೋಗಿದ್ದಾರೆ."

"ಇವತ್ತು ಎಂತ ಸಂತೆ? ನಾವು ಅಲ್ಲಿಂದಲೇ ಬಂದದ್ದು."

"ಹಾಗಾದ್ರೆ ಮೂಡುಬಿದಿರೆಗೆ" ಎಂದ ಜತ್ತಪ್ಪ, ಮುಖದ ಒಂದು ಗೆರೆಯೂ ಅಲುಗದಂತೆ.

ಅಷ್ಟರಲ್ಲಿ ಮೇಲಿನಿಂದ ಒತ್ತಿ ಹಿಡಿದ ಸದ್ದೊಂದು ಬಂತು. ಸರಸಮ್ಮ ತಲೆಯೆತ್ತಿದರು.

"ಹೆಗ್ಗಣ" ಎಂದ ಜತ್ತಪ್ಪ.

"ಹೆಗ್ಗಣಕ್ಕೆ ಶೀತ ಆಗಿದೆಯಾ?"

ಉತ್ತರ ಅಟ್ಟದಿಂದಲೇ ಬಂತು. ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಒಟ್ಟಿಗೆ ಹೊರಬಂದು ತುಕ್ರಪ್ಪ ಹೊರಳಾಡಿ ಕೆಮ್ಮಿದ. ಇಲಿ ಕಚ್ಚಿದ್ದ ಗೋಣಿಯೊಂದು ಮಗುಚಿತು. ಹಲಗೆಯ ಸಂದಿಗಳಿಂದ ಕೆಂಪು ಹುಡಿ ಮೆಲ್ಲನೆ ಚಾವಡಿಗೆ ಇಳಿಯಿತು. ಮೊದಲು ಶಂಭು, ಆಮೇಲೆ ಸರಸಮ್ಮ, ಒಳಗಿನಿಂದ ಜಲಜಾಕ್ಷಿ, ಹೀಗೆ ಒಬ್ಬೊಬ್ಬರೇ ಕೆಮ್ಮಲು ಹಿಡಿದರು. ಜತ್ತಪ್ಪನ ಭಾಷಣ ನಿಂತದ್ದೊಂದೇ ಉಪಕಾರ. ನಾನು ಶಾಲು ಮೂಗಿಗೆ ಹಿಡಿದು ಅಂಗಳಕ್ಕೆ ಓಡುವಾಗಲೂ ವಾಸನೆಯಿಂದ ತಿಳಿದುಕೊಂಡೆ: ಕಳೆದ ವರ್ಷದ ಬ್ಯಾಡಗಿ, ಒಳ್ಳೆಯ ಮಾಲು.

ಎಲ್ಲರೂ ಅಂಗಳದಲ್ಲಿ ಸೇರಿದ ಮೇಲೆ ತುಕ್ರಪ್ಪ ಇಳಿದು ಬಂದ, ತಲೆಯಿಂದ ಕಾಲಿನವರೆಗೆ ಕೆಂಪಾಗಿ.

"ಮೆಣಸಿನ ಕೆಮ್ಮು ಅಕ್ಕ, ಬೇರೆ ಏನಲ್ಲ" ಎಂದ ಜತ್ತಪ್ಪ, ಕಣ್ಣೊರೆಸಿಕೊಳ್ಳುತ್ತಾ.

ಸರಸಮ್ಮ ನೀರು ಕೇಳಿ ಕುಡಿದರು. "ಕೆಮ್ಮಿಗೆ ನಾನು ಹೆದರುವುದಿಲ್ಲ. ಅಡಗಿಸಿದ ಕೆಮ್ಮಿಗೆ ಹೆದರ್ತೇನೆ. ನಮ್ಮವರನ್ನೂ ಹೀಗೇ ಅಡಗಿಸಿಟ್ರು, ತಂಗಿಯ ಮದುವೆ ಮುಗಿಯಲಿ ಅಂತ. ಮದುವೆ ಮುಗಿಯಿತು. ಔಷಧ ಸಿಗುವ ಕಾಲದಲ್ಲೇ ಅವರೂ ಮುಗಿದ್ರು."

ಜತ್ತಪ್ಪ ಏನೋ ಹೇಳಲು ಬಾಯಿ ತೆರೆದ. ಕೆಮ್ಮೇ ಬಂತು.

"ಮೊದಲು ಎದೆ ತೋರಿಸುವ. ನಾನೇ ಒಟ್ಟಿಗೆ ಬರ್ತೇನೆ. ಸಂಬಂಧದ ಮಾತು ಆಮೇಲೆ" ಎಂದರು ಸರಸಮ್ಮ.

ಸಾಕ್ಷಿಗೆಂದು ನನ್ನನ್ನೂ ಎಳೆದರು. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ತುಕ್ರಪ್ಪ ಹಿಡಿದು ತಂದ ಕಳ್ಳನಂತೆ ಸರಸಮ್ಮನ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಫೋಟೋ ತೆಗೆದರು, ಕಫ ಪರೀಕ್ಷೆ ಮಾಡಿದರು. ಫಲಿತಾಂಶ ಬರುವವರೆಗೆ ಅವನಿಗೆ ಅನ್ನ ಸೇರಲಿಲ್ಲ. ಕೊನೆಗೆ ಎರಡರಲ್ಲೂ ಏನೂ ಇರಲಿಲ್ಲ.

"ಮೂಡುಬಿದಿರೆಯ ನೀರು ಕುಡಿದ್ರೆ ನಿಲ್ತದೆ ಡಾಕ್ಟ್ರೇ" ಎಂದು ತುಕ್ರಪ್ಪ ಧೈರ್ಯ ತಂದುಕೊಂಡು ಹೇಳಿದ.

"ಅಲ್ಲಿಯ ಅಟ್ಟದಲ್ಲಿ ಎಂತ ಉಂಟು?" ಎಂದರು ಡಾಕ್ಟರು. ಅಟ್ಟದ ಮೆಣಸಿನ ಕತೆಯನ್ನು ಸರಸಮ್ಮ ಅವರಿಗೆ ಆಗಲೇ ಹೇಳಿದ್ದರು.

"ತೆಂಗಿನಕಾಯಿ" ಎಂದವನು ಅಲ್ಲಿಗೇ ನಿಂತ. ಮುಖ ನಿಧಾನವಾಗಿ ಬದಲಾಯಿತು.

ಡಾಕ್ಟರು ನಕ್ಕರು. "ನೀವು ಮೆಣಸಿಗೆ ಕಾವಲು ಮಲಗಿದ್ರಿ, ಗಂಟಲು ನಿಮಗೆ ಕಾವಲು ಕೂತಿತ್ತು. ಹೊಗೆ, ಧೂಳು, ಕಫ, ಯಾವುದು ಒಳಗೆ ನುಗ್ಗಿದ್ರೂ ಹೊರಗೆ ತಳ್ಳುವುದು ಕೆಮ್ಮಿನ ಕೆಲಸ. ಕಾವಲಿನವನ ಬಾಯಿ ಕಟ್ಟುವ ಮೊದಲು ನುಗ್ಗಿದ್ದು ಯಾರು ನೋಡ್ಬೇಕು. ಶೀತದ ಕೆಮ್ಮಿಗೆ ಬಿಸಿನೀರು, ಜೇನು ಸಾಕು, ತಾನಾಗಿ ಹೋಗ್ತದೆ. ವಾರಗಟ್ಟಲೆ ಬಿಡದಿದ್ರೆ, ಜ್ವರ ಬಂದು ಮೈ ಇಳಿದ್ರೆ, ರಕ್ತ ಕಂಡ್ರೆ ಅಟ್ಟ ಹತ್ತುವುದಲ್ಲ, ಇಲ್ಲಿಗೆ ಬರುವುದು. ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ. ಮೆಣಸು ಹೋದ ಮೇಲೂ ಸ್ವಲ್ಪ ದಿನ ಕೆಮ್ಮು ಇರ್ತದೆ, ಹೆದರ್ಬೇಡಿ."

ಬೆಲೆ ಏರಲಿ ಎಂದು ಕಾಯುತ್ತಿದ್ದ ತುಕ್ರಪ್ಪ ಮರುದಿನವೇ ಬೆಲೆ ಕೇಳದೆ ಮೆಣಸು ಕೊಟ್ಟ. ನಾನೂ ಕೇಳದೆ ಕೊಂಡೆ, ಅಂದರೆ ನನ್ನ ಬೆಲೆಗೆ. ಗೋಣಿ ಇಳಿಸುವವರಿಗೆ ಮೂಗಿಗೆ ಬಟ್ಟೆ ಕಟ್ಟಿಸಿದೆ. ಅಷ್ಟು ಬುದ್ಧಿ ನನಗೂ ಬಂದಿತ್ತು.

ನಿಶ್ಚಯದ ದಿನ ಸರಸಮ್ಮ ಚಾವಡಿಗೆ ಬಂದು ಮೊದಲು ಕೇಳಿದ್ದು, "ಹುಡುಗಿಯ ಅಪ್ಪ ಎಲ್ಲಿ?" ಎಂದು. ತುಕ್ರಪ್ಪನನ್ನು ಎಲ್ಲರ ನಡುವೆ, ಜತ್ತಪ್ಪನಿಗಿಂತ ಮುಂದೆ ಕೂರಿಸಿದರು. ವೀಳ್ಯದ ಹರಿವಾಣ ಕೈ ಬದಲಾಗುವ ಹೊತ್ತಿಗೆ ಅವನ ಗಂಟಲಿನಲ್ಲಿ ಏನೋ ಕೆರೆಯಿತು. ಉಸಿರು ಕಟ್ಟಿ ಹಿಡಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಮಗಳನ್ನು ಕೊಡುವ ಸಂಕಟವೆಂದು ತಿಳಿದು ಸೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರಸಮ್ಮ ಹರಿವಾಣವನ್ನು ಭದ್ರವಾಗಿ ತಮ್ಮ ಕಡೆಗೆ ಎಳೆದುಕೊಂಡು ಹೇಳಿದರು:

"ಇನ್ನು ಕೆಮ್ಮಿ ಮಾರಾಯ್ರೆ. ನಿಶ್ಚಯ ಆಯ್ತಲ್ಲ."

ತುಕ್ರಪ್ಪ ಆ ಕಡೆ ತಿರುಗಿ, ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಹಿಡಿದು, ಮನಸಾರೆ ಕೆಮ್ಮಿದ.