ಮಂಗನ ಲೈಸೆನ್ಸು

ಕುರ್ಲಾದಲ್ಲಿ ಹೋಟೆಲು ನಡೆಸುವ ನನ್ನ ಭಾವನಿಗೆ ವಿದೇಶಿ ಮಂಗ ಸಾಕುವ ಹುಚ್ಚು ಹಿಡಿಯಿತು. ನಮ್ಮ ಊರ ಮಂಗನನ್ನು ಮನೆಯಲ್ಲಿಟ್ಟರೆ ಜೈಲು. ಅವನು ಕೊಂಡು ತಂದ, ಅಂಗೈಯಷ್ಟಿದ್ದ ಈ ಪರದೇಶಿ ಮಂಗನಿಗಾದರೆ ಸರ್ಕಾರದಲ್ಲಿ ನೋಂದಣಿ ಮಾಡಿಸಿದರಾಯಿತಂತೆ. ಈ ನಿಯಮ ಯಾರ ತಲೆಯಲ್ಲಿ ಹುಟ್ಟಿತೋ! ಆನ್‌ಲೈನಿನಲ್ಲಿ ಅರ್ಜಿ ತುಂಬುವ ಕೆಲಸ ಅವನ ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ತಲೆಗೇ ಬಂತು.

ಮಂಗ ಇರುವ ಜಾಗ ಎಂಬಲ್ಲಿ ಭಾವನ ಫ್ಲ್ಯಾಟಿನ ವಿಳಾಸ ಹಾಕಲು ಹೊರಟೆ. ಅವನು ತಡೆದ.

"ಹೋಟೆಲಿಂದು ಹಾಕು ಮಾರಾಯ. ನಮ್ಮ ಎಲ್ಲಾ ಲೈಸೆನ್ಸೂ ಅದೇ ಅಡ್ರೆಸ್ಸಲ್ಲಿ ಅಲ್ವಾ ಇರುದು? ಬಿಲ್ಡಿಂಗಲ್ಲಿ ಗೊತ್ತಾದ್ರೆ ಸೊಸೈಟಿಯವ್ರು ಬಿಡ್ತಾರಾ?"

ಬೇಡವೆಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಿದರೆ ತಾನೇ?

ಪ್ರಮಾಣಪತ್ರ ಬಂದದ್ದೇ ತಡ, ಫ್ರೇಮು ಹಾಕಿಸಿ ಗಲ್ಲಾದ ಹಿಂದೆ ಹೋಟೆಲಿನ ಲೈಸೆನ್ಸುಗಳ ಸಾಲಿಗೆ ತೂಗುಹಾಕಿದ. ದಿನಾ ಬೆಳಿಗ್ಗೆ ಅವಕ್ಕೆಲ್ಲ ಊದುಬತ್ತಿ ಬೆಳಗುವುದು ನಮ್ಮ ವಾಡಿಕೆ. ಮಂಗನ ಪತ್ರಕ್ಕೂ ಮಲ್ಲಿಗೆ ಮಾಲೆ ಬಿತ್ತು.

ಒಂದು ದಿನ ಹೋಟೆಲು ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಆ ಸಾಲನ್ನು ಓದಿ, ನೇರ ಅಡುಗೆಮನೆಗೆ ನುಗ್ಗಿದರು. "ಬಂದರ್ ಕಿಧರ್ ಹೈ?"

ಮಂಗ ಮನೆಯಲ್ಲಿದೆ ಎಂದೆ. ಹಾಗಾದರೆ ಸರ್ಕಾರಕ್ಕೆ ಸುಳ್ಳು ವಿಳಾಸ ಕೊಟ್ಟಿರಾ ಎಂದು ಕೇಳಿದರು. ಭಾವ ಹೆದರಿ, "ನಹೀ ಸಾಬ್, ಇಧರೀಚ್ ರೆಹತಾ ಹೈ" ಎಂದು, ಮಂಗ ಹೋಟೆಲಿನಲ್ಲೇ ಇರುವುದಾಗಿ ಒಪ್ಪಿಕೊಂಡುಬಿಟ್ಟ.

ಅಡುಗೆ ಮಾಡುವ ಜಾಗದಲ್ಲಿ ಪ್ರಾಣಿ ಸಾಕಿದ ತಪ್ಪಿಗೆ ಈಗ ಹೋಟೆಲಿನ ಲೈಸೆನ್ಸುಗಳೆಲ್ಲ ಅಮಾನತಾಗಿವೆ. ಗೋಡೆಯ ಮೇಲೆ ಊರ್ಜಿತವಾಗಿರುವುದು ಮಂಗನದೊಂದೇ. ಮುಚ್ಚಿದ ಹೋಟೆಲಿನಲ್ಲಿ ಭಾವ ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಬೆಳಗುತ್ತಾನೆ. ಕಡ್ಡಿ ಗೀರಿ ಕೊಡುವವನು ನಾನು.