ಬೀಗದ ಕೈ ಹಾಸನದಲ್ಲಿದೆ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೊಸಬರು ಯಾರಾದರೂ ಇಳಿದು, ಹೆಗಲ ಮೇಲಿನ ಚೀಲವನ್ನು ಸರಿಮಾಡಿಕೊಳ್ಳುತ್ತಾ, ಈ ಊರಿನಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ, ಕಡಲೆಕಾಯಿ ಮಾರುವವನಿಂದ ಹಿಡಿದು ಬಸ್ಸುಗಳ ವೇಳೆ ಬರೆದುಕೊಳ್ಳುವ ಕಂಟ್ರೋಲರ್‌ವರೆಗೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಇಲ್ಲೇನೈತೆ ಸಾ, ಬೇಲೂರಿಗೆ ಓಗಿ." ಅಷ್ಟು ಹೇಳಿ ಸುಮ್ಮನಾಗುವ ಜನವೂ ನಾವಲ್ಲ. ಹಾಸನದ ಬಸ್ಸು ಎಲ್ಲಿ ನಿಂತಿದೆಯೆಂದು ತೋರಿಸಿ, ಕಿಟಕಿಯೊಳಗೆ ಟವಲು ಹಾಕಿ ಸೀಟು ಹಿಡಿದುಕೊಟ್ಟು, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು ಕೈ ಬೀಸುವುದು ನಮ್ಮ ಅತಿಥಿಸತ್ಕಾರದ ಪರಾಕಾಷ್ಠೆ. ಚನ್ನರಾಯಪಟ್ಟಣದವರು ಬಂದವರನ್ನು ಬೆಳಗೊಳದ ಬೆಟ್ಟಕ್ಕೆ ಹತ್ತಿಸಿಬಿಡುತ್ತಾರೆ. ಅರಕಲಗೂಡಿನವರು ರಾಮನಾಥಪುರಕ್ಕೆ ಕಳಿಸಿ, ಕಾವೇರಿಯ ಮೀನುಗಳಿಗೆ ಪುರಿ ಹಾಕಿ ಬನ್ನಿ ಎನ್ನುತ್ತಾರೆ. ಹಾಸನದವರಂತೂ ತಮ್ಮ ಊರಿರುವುದೇ ಬೇರೆ ಊರುಗಳನ್ನು ನೋಡಲು ಬಂದವರು ರೂಮು ಮಾಡಿ ಮಲಗುವುದಕ್ಕೆಂದು ತೀರ್ಮಾನಿಸಿ ಎಷ್ಟೋ ಕಾಲವಾಯಿತು.

ಪರರನ್ನು ದೂರುವ ಅಧಿಕಾರ ನನಗೂ ಇಲ್ಲವೆನ್ನಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡು, ನಾಡಿನ ಶಿಲ್ಪವೈಭವದ ಮೇಲೆ ವರ್ಷಕ್ಕೊಂದು ಪ್ರಬಂಧ ಬರೆಸಿ, ಅದರಲ್ಲಿನ ಕಾಗುಣಿತ ತಿದ್ದುತ್ತಾ ಕನ್ನಡಕದ ನಂಬರು ಹೆಚ್ಚಿಸಿಕೊಂಡಿದ್ದ ನಾನೇ, ಒಂದು ಭಾನುವಾರ ಮೈಸೂರಿನಿಂದ ಬಂದಿದ್ದ ದಂಪತಿಗಳನ್ನು ನಗುನಗುತ್ತಾ ಹಾಸನದ ಬಸ್ಸು ಹತ್ತಿಸಿದವಳು. ಅವರು ನಮ್ಮ ಕೋಟೆಯನ್ನಾಗಲಿ, ನರಸಿಂಹನ ಗುಡಿಯನ್ನಾಗಲಿ, ಹೊಳೆಯನ್ನಾಗಲಿ ನೋಡಲಿಲ್ಲ. ನೋಡಿ ಎಂದು ಹೇಳುವುದಕ್ಕೆ ನನಗೆ ಸಂಕೋಚವಾಯಿತು. ಅದನ್ನು ವಿನಯ ಎಂದುಕೊಂಡಿದ್ದೆ. ವಿನಯವಲ್ಲ, ನಾಚಿಕೆಯೆಂದು ಈಗ ಒಪ್ಪಿಕೊಳ್ಳುತ್ತೇನೆ.

ಈ ನಾಚಿಕೆಯನ್ನು ಬಿಡಿಸಿದ್ದು ಹಲ್ಲುನೋವು. ತೊಂಬತ್ತರ ದಶಕದ ನಡುವಿನ ಮಾತು. ಹಾಸನದ ದಂತವೈದ್ಯರ ಪಡಸಾಲೆಯಲ್ಲಿ ದವಡೆ ಹಿಡಿದು ಕೂತಿದ್ದಾಗ ರಟ್ಟು ಹರಿದ ಒಂದು ವಿದೇಶೀ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ದ್ರಾಕ್ಷಿತೋಟಗಳ ನಾಡಿನ ಒಂದು ಪುಟ್ಟ ಊರಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ. ದ್ರಾಕ್ಷಾರಸ ಮಾಡುವ ಮನೆಗಳು ಸರಿ, ಅದು ಅವರ ಕಸುಬು. ಆದರೆ ಅದರ ಕೆಳಗೆ ನೋಡುತ್ತೇನೆ: ಒಂದು ಹಳೆಯ ಬಾವಿ, ಒಂದು ಅಂಚೆಪೆಟ್ಟಿಗೆ, ಮೂವರು ಸೇರಿದರೆ ತುಂಬಿಹೋಗುವ ಸೇತುವೆ, ಅದರ ಮೇಲೆ ನಿಂತು ನೀರು ನೋಡಬಹುದೆಂಬ ಸೂಚನೆ. ಬಾವಿಗೂ ಒಂದು ಬಣ್ಣದ ಚಿತ್ರ. ನನಗೆ ಹಲ್ಲಿನ ನೋವಿಗಿಂತ ಹೊಟ್ಟೆಯ ಉರಿ ಹೆಚ್ಚಾಯಿತು. ಸೇತುವೆಯ ಮೇಲೆ ನಿಂತು ನೀರು ನೋಡುವುದೇ ಒಂದು ಆಕರ್ಷಣೆಯಾದರೆ, ನಮ್ಮ ಹೇಮಾವತಿ ಏನು ಪಾಪ ಮಾಡಿದ್ದಳು? ದ್ರಾಕ್ಷಿ ಇಲ್ಲದಿದ್ದರೆ ಬೇಡ, ತೆಂಗಿಲ್ಲವೇ, ಭತ್ತವಿಲ್ಲವೇ, ಅತ್ತ ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವಾಗ ಮೈಲಿಗಟ್ಟಲೆ ಹರಡುವ ಆ ವಾಸನೆಯಿಲ್ಲವೇ? ಹಲ್ಲು ಕೀಳಿಸಿಕೊಂಡು ಬಸ್ಸು ಹತ್ತಿದವಳು, ಬಾಯಿಗೆ ಹತ್ತಿ ತುರುಕಿದ್ದರಿಂದ ಮಾತಾಡಲಾರದೆ, ಮನಸ್ಸಿನಲ್ಲೇ ಜಗಳವಾಡುತ್ತಾ ಊರು ಸೇರಿದೆ.

ಆ ಸಿಟ್ಟಿಗೆ ಒಂದು ಕೆಲಸ ಬೇಗನೇ ಸಿಕ್ಕಿತು. ನಮ್ಮ ಪೇಟೆಯಿಂದ ನಾಲ್ಕು ಮೈಲಿ, ನಾಲೆಯ ಏರಿ ಹಿಡಿದು ಹೋದರೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಪ್ರಚಾರ ಬೇಕಿಲ್ಲ. ಅಲ್ಲಿ ಹೊಯ್ಸಳರ ಕಾಲದ್ದೊಂದು ಪುಟ್ಟ ಗುಡಿಯಿದೆ. ಶಿಖರದ ಅರ್ಧ ಬಿದ್ದಿದೆ, ಸಾಲಾನೆಗಳಲ್ಲಿ ಹಲವಕ್ಕೆ ಸೊಂಡಿಲಿಲ್ಲ, ಮೂಲ ವಿಗ್ರಹ ಯಾವ ಕಾಲದಲ್ಲೋ ಭಿನ್ನವಾದ್ದರಿಂದ ಪೂಜೆಯೂ ಇಲ್ಲ. ಆದರೆ ಒಳಗಿನ ನಾಲ್ಕು ಕಂಬಗಳು ಕಡೆದು ತಿರುಗಿಸಿದ ನುಣುಪಿನವು. ಎದುರು ನಿಂತರೆ ನಮ್ಮ ಮುಖ ನಮಗಿಂತ ಚೆನ್ನಾಗಿ ಕಾಣುತ್ತದೆ. ಇದರ ಕಾವಲುಗಾರ ನಿಂಗಣ್ಣ, ಅದೇ ಊರಿನವನು, ಪುರಾತತ್ವ ಇಲಾಖೆಯ ಖಾಕಿ ಅಂಗಿಯೊಂದನ್ನು ಬಿಟ್ಟರೆ ಸರಕಾರಿ ಲಕ್ಷಣ ಯಾವುದೂ ಇಲ್ಲದ ಮನುಷ್ಯ. ಬೀಗದ ಕೈ ಅವನ ಉಡಿದಾರದಲ್ಲಿ. ಯಾರಾದರೂ ನೋಡಲು ಬಂದರೆ ಅವನನ್ನು ಗದ್ದೆಯಿಂದ ಕೂಗಿ ಕರೆಯಬೇಕು. ಅವನು ಕಾಲು ತೊಳೆದು ಬಂದು ಒಳಗೆ ಕರೆದೊಯ್ಯುವಷ್ಟರಲ್ಲಿ, ಎದುರು ಮನೆಯ ಕೆಂಪಮ್ಮನೆಂಬ ಮುದುಕಿ ಬಂದವರಿಗೆ ಮಜ್ಜಿಗೆ ಕೊಟ್ಟು ಕುಲಗೋತ್ರ ವಿಚಾರಿಸಿ ಮುಗಿಸಿರುತ್ತಾಳೆ. ಯಾರೂ ಬರದ ದಿನವೂ ನಿಂಗಣ್ಣ ಬೆಳಿಗ್ಗೆ ಬಾಗಿಲು ತೆಗೆದು, ಬಾವಲಿ ಓಡಿಸಿ, ಗುಡಿಸಿ, ಸಂಜೆ ಮುಚ್ಚುತ್ತಿದ್ದ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ನಡೆದಿತ್ತು.

ಆ ಹಲ್ಲು ಕಿತ್ತ ತಿಂಗಳಲ್ಲೇ ನಿಂಗಣ್ಣ ಇಲಾಖೆಯ ಒಂದು ಕಾಗದ ಹಿಡಿದು ನಮ್ಮ ಶಾಲೆಗೆ ಬಂದ. ಪ್ರವಾಸಿಗರು ಬಾರದ ಸ್ಮಾರಕಗಳಿಗೆ ಬೀಗ ಹಾಕಿ, ಕೈಯನ್ನು ಹಾಸನದ ಕಚೇರಿಯಲ್ಲಿಟ್ಟುಕೊಂಡು, ಕಾವಲುಗಾರರನ್ನೂ ಅಲ್ಲಿಗೇ ಕರೆಸಿಕೊಳ್ಳುವುದಾಗಿಯೂ, ಯಾವುದಕ್ಕೆ ಪ್ರವಾಸಿಗರು ಬರುತ್ತಾರೆ ಎಂಬುದನ್ನು ಸಂದರ್ಶಕರ ಪುಸ್ತಕದಿಂದ ನಿರ್ಧರಿಸುವುದಾಗಿಯೂ, ಮೂರು ತಿಂಗಳ ಬಳಿಕ ಸಾಹೇಬರು ತನಿಖೆಗೆ ಬರುವುದಾಗಿಯೂ ಅದರಲ್ಲಿತ್ತು. ಅವನು ಜೊತೆಗೇ ತಂದಿದ್ದ ಆ ಪುಸ್ತಕ ತೆರೆದರೆ ಹಿಂದಿನ ವರ್ಷದ್ದೆಲ್ಲಾ ಸೇರಿ ಒಂದು ಪುಟವೂ ತುಂಬಿಲ್ಲ. "ಬೀಗ ಬಿದ್ಮೇಲೆ ಒಳಗೆ ಗಾಳಿ ಆಡಲ್ಲ ಕಣಮ್ಮ. ಎರಡು ಮಳೆಗಾಲದಾಗೆ ಕಂಬ ಎಲ್ಲ ಪಾಚಿ ಹಿಡ್ದೋಯ್ತವೆ," ಎಂದು ಅವನು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ನಾನು ಟೊಂಕ ಕಟ್ಟಿ ನಿಂತೆ. ಮರುಭಾನುವಾರವೇ ಹಳ್ಳಿಗೆ ಹೋಗಿ, ಗುಡಿಯ ಜಗಲಿಯ ಮೇಲೆ ನಿಂತು, ಶಾಲೆಯ ವಾರ್ಷಿಕೋತ್ಸವಕ್ಕೆಂದು ಕೂಡಿಟ್ಟಿದ್ದ ಸಂಸ್ಕೃತ ಪದಗಳನ್ನೆಲ್ಲಾ ಖರ್ಚು ಮಾಡಿ ಭಾಷಣ ಮಾಡಿದೆ. ಇನ್ನು ಮುಂದೆ ಈ ಹೊಸ್ತಿಲು ದಾಟಿದವರು ಯಾರೇ ಆಗಲಿ, ಪುಸ್ತಕದಲ್ಲಿ ಹೆಸರು ಬರೆಯದೆ ಹೊರಗೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ನನ್ನ ಮನಸ್ಸಿನಲ್ಲಿದ್ದದ್ದು ಪರಸ್ಥಳದವರು. ಜನ ತಲೆದೂಗಿದರು. ನನ್ನ ವಾಗ್ಝರಿಗೆ ಮಾರುಹೋದರೆಂದು ಬೀಗುತ್ತಾ ಪೇಟೆಗೆ ಮರಳಿದವಳು, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಮತ್ತೆ ಆ ಕಡೆ ತಲೆಹಾಕಿದ್ದು ತನಿಖೆಗೆ ಮೂರು ದಿನವಿರುವಾಗ. ನಿಂಗಣ್ಣ ಹೆಮ್ಮೆಯಿಂದ ಪುಸ್ತಕ ತಂದಿಟ್ಟ. ಅದು ತುಂಬಿಹೋಗಿತ್ತು. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಕೆಂಪಮ್ಮ, ಹೆಬ್ಬೆಟ್ಟು, ಎಲ್ಲಿಂದ ಬಂದಿರಿ ಎಂಬಲ್ಲಿ ಎದುರು ಮನೆ, ಅಭಿಪ್ರಾಯ: ನಿನ್ನೆ ಇದ್ದ ಹಾಗೇ ಇದೆ. ಚಿಕ್ಕೇಗೌಡ, ಇಲ್ಲೇ, ಎಮ್ಮೆ ಹುಡುಕಿಕೊಂಡು ಬಂದೆ, ಸಿಕ್ಕಲಿಲ್ಲ, ಒಳಗೆ ತಂಪಾಗಿದೆ. ಜಯಮ್ಮ, ತವರು ಚನ್ನರಾಯಪಟ್ಟಣ, ಈಗ ಇಲ್ಲೇ, ಗಂಡನ ಮೇಲೆ ಸಿಟ್ಟು ಬಂದಿತ್ತು, ಈಗ ಪರವಾಗಿಲ್ಲ. ಹೀಗೆ ಪುಟದ ಮೇಲೆ ಪುಟ, ದಿನದ ಮೇಲೆ ದಿನ, ಅದೇ ನಲವತ್ತು ಮನೆಯ ಜನ. ಪರಊರಿನವರು ಅಲ್ಲೊಬ್ಬ ಇಲ್ಲೊಬ್ಬ.

ಈಗ ನನ್ನ ಅಪರಾಧವೊಂದನ್ನು ಹೇಳಿಬಿಡುತ್ತೇನೆ, ಓದುಗರಲ್ಲಿ ನನ್ನ ಶಿಷ್ಯೆಯರಿದ್ದರೆ ಈ ಪುಟ ಮಗುಚಲಿ. ಪೇಟೆಯಿಂದ ಅದೇ ಥರದ ಇನ್ನೊಂದು ಪುಸ್ತಕ ತಂದು, ಮೂರು ಬಣ್ಣದ ಪೆನ್ನು ಹಿಡಿದು, ಒಂದು ಮಧ್ಯಾಹ್ನ ಜಗಲಿಯಲ್ಲೇ ಕುಳಿತು ಪ್ರವಾಸಿಗರನ್ನು ಸೃಷ್ಟಿಸತೊಡಗಿದೆ. ಬೆಂಗಳೂರಿನ ಪ್ರೊಫೆಸರು, ಮಂಗಳೂರಿನ ದಂತವೈದ್ಯ, ಹುಬ್ಬಳ್ಳಿಯ ನವವಿವಾಹಿತರು, ಎಲ್ಲರಿಗೂ ಬೇರೆ ಬೇರೆ ಕೈಬರಹ, ಎಲ್ಲರಿಂದಲೂ ಅದ್ಭುತ, ಅನುಪಮ, ಅವಿಸ್ಮರಣೀಯ. ಎರಡು ಪುಟವಾಗುವಷ್ಟರಲ್ಲಿ ನಿಂಗಣ್ಣ ಬಂದು ನೋಡಿದ, ಪೆನ್ನು ಮುಚ್ಚಿಟ್ಟ. "ಸುಳ್ ಬರ್ದು ಬಾಗ್ಲು ಉಳಿಸ್ಕಂಡ್ರೆ, ದಿನಾ ಬೆಳಿಗ್ಗೆ ಅದೇ ಬಾಗ್ಲು ತೆಗಿಯೋನು ನಾನು ಕಣಮ್ಮ. ನೀವು ಇಸ್ಕೂಲಿಗೆ ಓಯ್ತೀರಿ." ವ್ಯಾಕರಣದಲ್ಲಿ ತಪ್ಪು ಹುಡುಕಿ ಬದುಕುವವಳಿಗೆ ಆ ಮಾತಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬರೆದ ಹಾಳೆಗಳನ್ನು ಹರಿದು ಕೆಂಪಮ್ಮನ ನೀರೊಲೆಗೆ ಹಾಕಿದೆ.

ಸಾಹೇಬರು ಜೀಪಿನಲ್ಲಿ ಬಂದರು. ಕೆಟ್ಟವರಲ್ಲ, ಬೆಳಗಿನಿಂದ ಅಂಥ ಐದಾರು ಗುಡಿ ನೋಡಿ ಬೇಸತ್ತಿದ್ದ ಮನುಷ್ಯ. ಪುಸ್ತಕದ ಪುಟ ತಿರುವುತ್ತಾ ಮೊದಲು ಹುಬ್ಬೇರಿಸಿದರು, ಆಮೇಲೆ ನಕ್ಕರು. ಇವರೆಲ್ಲಾ ಊರಿನವರೇ ಅಲ್ಲವೇ, ಇವರನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ ಎಂದರು. ಅವರ ನಗು ನನ್ನನ್ನು ಕೆರಳಿಸಿತು. ದೂರದಿಂದ ಬಂದವರು ಕಾಲು ಗಂಟೆ ನಿಂತು, ಕಂಬಕ್ಕೊರಗಿ ಫೋಟೋ ಹೊಡೆಸಿಕೊಂಡು ಹೋಗುವುದು ನೋಟ. ಹುಟ್ಟಿದಾಗಿನಿಂದ ಅದೇ ಕಂಬದ ನೆರಳಲ್ಲಿ ಕೂತು, ಯಾವ ಆನೆಯ ಯಾವ ಉಗುರು ಯಾವ ಮಳೆಗೆ ಬಿತ್ತೆಂದು ಬಲ್ಲವರದ್ದು ನೋಟವಲ್ಲವೇ ಎಂದು, ಸರಕಾರಿ ಸಂಬಳ ತಿನ್ನುವವಳು ಸರಕಾರಿ ಅಧಿಕಾರಿಗೆ ಆಡಬಾರದ ದನಿಯಲ್ಲಿ ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನೀವು ಹೇಳುವುದು ಸರಿಯೇ ಅಮ್ಮಾ, ಆದರೆ ರೂಲು ಹಾಗಿಲ್ಲ ಎಂದು ಕೈ ಚಾಚಿದರು. ನಿಂಗಣ್ಣ ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಬಾಗಿಲಿಗೆ ಒಂದು ನೋಟೀಸು ಅಂಟಿತು: ಬೀಗದ ಕೈ ಹಾಸನದ ಕಚೇರಿಯಲ್ಲಿದೆ, ನೋಡಲಿಚ್ಛಿಸುವವರು ಲಿಖಿತ ಅರ್ಜಿ ಸಲ್ಲಿಸಿದಲ್ಲಿ ಕಾವಲುಗಾರನು ಬಂದು ತೆರೆದು ತೋರಿಸತಕ್ಕದ್ದು.

ಅಂದು ಸಂಜೆ ಊರಿನವರೆಲ್ಲಾ ಬೀಗದ ಮುಂದೆ ಕೂತಿದ್ದರು. ನಾನು ನೋಟೀಸನ್ನು ಎರಡು ಸಲ ಓದಿ ಹೇಳಿದೆ. ಓದುತ್ತಿದ್ದಂತೆ, ಅದರಲ್ಲಿ ಪರಊರಿನವರೆಂಬ ಮಾತೇ ಇಲ್ಲವೆಂಬುದು ಹೊಳೆಯಿತು. ನೋಡಲಿಚ್ಛಿಸುವವರು ಎಂದಷ್ಟೇ ಇತ್ತು. ಕೆಂಪಮ್ಮನಿಗೆ ಆ ವಾರ ಹಾಸನದ ಕಣ್ಣಾಸ್ಪತ್ರೆಗೆ ಹೋಗುವುದಿತ್ತು. ಮೊದಲನೆಯ ಅರ್ಜಿ ಬರೆದು ಅವಳ ಕೈಯಲ್ಲಿ ಕೊಟ್ಟುಕಳಿಸಿದೆ. ಕಚೇರಿಯ ಗುಮಾಸ್ತರು ಯಾವೂರಮ್ಮ ಎಂದು ಕೇಳಿದರಂತೆ. ಅದೇ ಊರು ಎಂದಳಂತೆ. ಗುಡಿ ಮನೆ ಮುಂದೇ ಇರುವಾಗ ಇಲ್ಲಿಗ್ಯಾಕೆ ಬಂದೆ ಎಂದರೆ, "ಕೈ ಇಲ್ಲೈತಲ್ಲಪ್ಪ" ಎಂದಳಂತೆ. ಅರ್ಜಿ ಕ್ರಮಬದ್ಧವಾಗಿತ್ತು, ಬರೆದವಳು ಕನ್ನಡ ಮೇಡಂ. ಪ್ರವಾಸಿಗರ ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದುಕೊಳ್ಳದೆ ಅವರಿಗೆ ಗತ್ಯಂತರವಿರಲಿಲ್ಲ. ನಿಂಗಣ್ಣ ಅವಳ ಜೊತೆಯಲ್ಲೇ ಬಸ್ಸಿನಲ್ಲಿ ಬಂದು ಬಾಗಿಲು ತೆಗೆದ. ಅವಳು ಒಳಗೆ ತನ್ನ ಮಾಮೂಲು ಜಾಗದಲ್ಲಿ ಅರ್ಧ ಗಂಟೆ ಕೂತಳು; ಅವನು ಗುಡಿಸಿ, ಬೀಗ ಹಾಕಿ, ಕೈಯೊಂದಿಗೆ ಹಾಸನಕ್ಕೆ ಮರಳಿದ. ಮರುದಿನ ಕೋರ್ಟು ಕೆಲಸಕ್ಕೆ ಹೊರಟಿದ್ದ ಚಿಕ್ಕೇಗೌಡನ ಅರ್ಜಿ. ಅದರ ಮರುದಿನ ಜಯಮ್ಮನದು. ಹಾಸನದಲ್ಲಿ ಕೆಲಸವಿಲ್ಲದ ಮನೆ ಯಾವುದಿದೆ? ಒಬ್ಬರಿಗೆ ಔಷಧಿ, ಒಬ್ಬರಿಗೆ ನಂಟರು, ಒಬ್ಬರಿಗೆ ಪಂಪಿನ ರಿಪೇರಿ; ಎಲ್ಲರ ಚೀಲದಲ್ಲೂ ನನ್ನ ಕೈಬರಹದ ಒಂದು ಹಾಳೆ. ಮಳೆಗಾಲ ಬಂತು, ಹೋಯಿತು, ಬಾಗಿಲು ತೆರೆಯದ ದಿನ ಕಚೇರಿಗೆ ರಜೆಯಿದ್ದ ದಿನ ಮಾತ್ರ. ಕಂಬಗಳಿಗೆ ಪಾಚಿ ಹಿಡಿಯಲಿಲ್ಲ. ನಿಂಗಣ್ಣನಿಗೆ ಕಂಡಕ್ಟರುಗಳೆಲ್ಲಾ ಪರಿಚಯವಾದರು. ಒಮ್ಮೆ ಸಾಹೇಬರೇ ನನಗೆ ಹೇಳಿಕಳಿಸಿದರು, ಇದೇನಮ್ಮಾ ಹಟ ಎಂದು. ಹಟವಲ್ಲ ಸಾರ್, ರೂಲು ಎಂದು ಹೇಳಿಕಳಿಸಿದೆ, ಹಟವೇ ಆಗಿತ್ತು.

ಆ ವರ್ಷ ಅವರೆಕಾಯಿ ಬರುವ ಹೊತ್ತಿಗೆ ಕಾಗದ ಬಂತು. ಅದನ್ನು ತಂದವನು ನಿಂಗಣ್ಣನೇ, ಬೆಳಗಿನ ಬಸ್ಸಿನಲ್ಲಿ, ಹಾಸಿಗೆ ಟ್ರಂಕುಗಳ ಸಮೇತ. ನನ್ನನ್ನೂ ಕರೆಸಿದರು. ಜನ ಜಗಲಿಯ ತುಂಬಾ ಸೇರಿದ್ದರು, ಕೆಂಪಮ್ಮ ಬಾಗಿಲಿಗೆ ಒತ್ತಿಕೊಂಡೇ ಮೊರದಲ್ಲಿ ಅವರೆ ಸುಲಿಯುತ್ತಿದ್ದಳು. ನಾನು ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದಿದೆ: ಸದರಿ ಸ್ಮಾರಕಕ್ಕೆ ಪ್ರವಾಸಿಗರ ದಟ್ಟಣೆ ಅತ್ಯಧಿಕವಾಗಿರುವ ಪ್ರಯುಕ್ತ, ಕಾವಲುಗಾರನನ್ನು ಬೀಗದ ಕೈಯೊಂದಿಗೆ ಸ್ಥಳದಲ್ಲೇ ಇರಿಸಲು ಆದೇಶಿಸಲಾಗಿದೆ.

"ದಟ್ಟಣೆ ಅಂದ್ರೇನವ್ವಾ?" ಎಂದಳು ಕೆಂಪಮ್ಮ.

"ನೋಡೋಕೆ ಜನ ವಿಪರೀತ ಬರ್ತಾರಂತೆ ಕೆಂಪಮ್ಮ."

"ಯಾರಂತೆ?"

"ನೀವೇ."

ಅವಳು ಸುತ್ತಲೂ ಕೂತಿದ್ದವರನ್ನು ಒಂದು ಸಲ ನೋಡಿದಳು. ಮೊರವನ್ನು ಪಕ್ಕಕ್ಕೆ ಸರಿಸಿ, ಮಂಡಿಯ ಮೇಲೆ ಕೈಯೂರಿ ಎದ್ದಳು. "ಅಂಗಾರೆ ವಸಿ ಜರುಗ್ರಪ್ಪ," ಎಂದಳು, "ಬಾಗ್ಲು ತೆಗೀಲಿ." ಜನ ಜರುಗಿದರು. ನಿಂಗಣ್ಣ ಉಡಿದಾರಕ್ಕೆ ಕೈ ಹಾಕಿದ.