ಅರಿಶಿಣ ಹಚ್ಚಿಕೊಂಡು ಬಂದ ಹಾಡುಗಳು

ಸಿನಿಮಾ ಹಾಡು ಕೇಳಿ ಹುಡುಗಿಯರು ಕೆಡುತ್ತಾರೆ ಎಂದು ಯಾರಾದರೂ ನನ್ನೆದುರು ಅಂದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಈ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮಪ್ಪನ ಬಾಯಿಂದ. ಅದೂ ಎಲ್ಲಿ? ದಿನವಿಡೀ ಸಿನಿಮಾ ಹಾಡು ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದ ಅವನದೇ ಅಂಗಡಿಯಲ್ಲಿ!

ಗೋವಾದ ಕೊರ್ತಾಲಿಮ್‌ನಲ್ಲಿ ಜುವಾರಿ ಸೇತುವೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಧಾರವಾಡದ ಕಡೆಯಿಂದ ಅಪ್ಪ ಇಲ್ಲಿಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಎಂಬತ್ತರ ದಶಕದ ನಡುವೆ ಯಾವಾಗಲೋ ಅವನು ಒಂದು ಟೇಪ್ ರೆಕಾರ್ಡರ್ ತಂದು ಎಣ್ಣೆ ಡಬ್ಬಿಗಳ ಮೇಲಿನ ಹಲಗೆಯಲ್ಲಿಟ್ಟ. ಸಂಜೆ ಕೆಲಸ ಮುಗಿಸಿ ಬರುವ ವಿಜಾಪುರ, ಬಾಗಲಕೋಟೆ ಕಡೆಯ ಕೂಲಿಯವರು ಕನ್ನಡ ಹಾಡು ಕಿವಿಗೆ ಬಿದ್ದರೆ ಪಕ್ಕದ ಅಂಗಡಿ ಬಿಟ್ಟು ನಮ್ಮಲ್ಲಿಗೆ ಬರುತ್ತಾರೆ ಎಂಬುದು ಅವನ ಲೆಕ್ಕಾಚಾರ. ಬಂದರು ಕೂಡ. ಆದರೆ ಅಕ್ಕನೋ ನಾನೋ ಒಳಬಾಗಿಲಲ್ಲಿ ನಿಂತು ಎರಡು ಸಾಲು ಗುನುಗಿದರೆ ಸಾಕು, ತಕ್ಕಡಿ ಹಿಡಿದುಕೊಂಡೇ ತಿರುಗಿ ನೋಡುತ್ತಿದ್ದ.

"ಒಳಗ ನಡೀರಿ. ಹುಡುಗ್ಯಾರ ತಲಿ ಕೆಡಸೂ ಹಾಡು ಇವು."

"ಗಿರಾಕಿ ತಲಿ ಕೆಡೂದಿಲ್ಲೇನಪಾ?" ಎಂದು ಒಮ್ಮೆ ಕೇಳಿದ್ದೆ. ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದ ಕೂಲಿಯವನು ನಕ್ಕುಬಿಟ್ಟ. ಅಪ್ಪ ನಗಲಿಲ್ಲ.

ಒಳಗೆ ಹೋದರೆ ಅಲ್ಲೇನು ಹಾಡು ಇರಲಿಲ್ಲವೇ? ಅವ್ವ ಇದ್ದಳಲ್ಲ! ವಾಸ್ಕೋದಿಂದ ಸಾಂಗೆಯವರೆಗೆ ನಮ್ಮ ಕಡೆಯವರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಅವ್ವನಿಗೆ ಕರೆ ಬಂದೇ ಬರುತ್ತಿತ್ತು. ಅರಿಶಿಣ ಹಚ್ಚುವಾಗ ಒಂದು ಹಾಡು, ಮದುಮಕ್ಕಳ ಸುತ್ತ ಸುರಗಿ ನೂಲು ಸುತ್ತುವಾಗ ಒಂದು, ಬೀಗರನ್ನು ಹಂಗಿಸಲು ಬೇರೆ. ಎಲ್ಲಕ್ಕಿಂತ ದೊಡ್ಡದು ಮಗಳ ಉಡಿ ತುಂಬಿ ಗಂಡನ ಮನೆಗೆ ಕಳಿಸುವ ಹಾಡು. ಅವ್ವ ಅದನ್ನು ಎತ್ತಿಕೊಂಡಳೆಂದರೆ ಗಟ್ಟಿಗಿತ್ತಿಯರೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹಾಡು ಹೇಳದೆ ಉಡಿ ತುಂಬುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಹಾಡಿಲ್ಲದೆ ಹೊಸ್ತಿಲು ದಾಟಿದ ಮಗಳಿಗೆ ಒಳ್ಳೆಯದಾಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆ ಹಾಡಿನಲ್ಲಿ ಏನಿತ್ತು, ಹೇಳುತ್ತೇನೆ ಕೇಳಿ. ಅತ್ತೆ ಬೈದರೆ ಹರಸಿದಳು ಎಂದುಕೋ. ಗಂಡ ಹೊಡೆದರೆ ಹೂವಿನ ಚೆಂಡು ತಾಗಿತು ಎಂದುಕೋ. ತವರಿನವರು ಬಂದು ಯಾಕೆ ಕಣ್ಣು ಕೆಂಪಾಗಿದೆ ಎಂದು ಕೇಳಿದರೆ ಕಣ್ಣಿಗೆ ಒಲೆಯ ಹೊಗೆ ಹೋಯಿತು ಅನ್ನು. ಬಾವಿಗೆ ಬೇಕಾದರೆ ಹೇಳು, ಹಾರುವ ಹಕ್ಕಿಗೆ ಹೇಳು, ಹಡೆದವ್ವನಿಗೆ ಮಾತ್ರ ಹೇಳಬೇಡ, ಅವಳ ಹೊಟ್ಟೆ ಉರಿದೀತು. ಇಷ್ಟನ್ನೂ ಎಂಥ ಧಾಟಿಯಲ್ಲಿ ಹೇಳುತ್ತಿದ್ದರೆಂದರೆ ಕೇಳುವವಳಿಗೆ ಅಯ್ಯೋ ಇಂಥ ದುಃಖ ನನಗೂ ಒಂದು ಇರಬಾರದೇ ಎನ್ನಿಸಬೇಕು. ಅಕ್ಕನಿಗೆ ಹಾಗೇ ಅನ್ನಿಸಿತ್ತು. ಒಳ್ಳೆಯ ಇಳಕಲ್ ಸೀರೆಯನ್ನು ಆಸೆಪಡುವಂತೆ ಅವಳು ಆ ಹೆಂಗಸಾಗುವುದನ್ನು ಆಸೆಪಟ್ಟಳು. ರೊಟ್ಟಿ ಬಡಿಯುತ್ತ ಅವ್ವನ ಹಿಂದೆ ಹಿಂದೆ ಹಾಡಿ ಎಲ್ಲವನ್ನೂ ಕಲಿತಳು. ದನಿಯೂ ಚೆನ್ನಾಗಿತ್ತು, ಸುಳ್ಳಾಡಬಾರದು.

ನಮ್ಮ ಪಕ್ಕದಲ್ಲಿ ಹೊಲಿಗೆ ಹೊಲಿಯುವ ಕೊಂಕಣಿ ಹೆಂಗಸೊಬ್ಬಳಿದ್ದಳು. ಒಂದು ಮಧ್ಯಾಹ್ನ ಅಕ್ಕನ ಹಾಡು ಕೇಳಿ, ಎಷ್ಟು ಚೆಂದ ಇದೆ, ಅರ್ಥ ಹೇಳು ಅಂದಳು. ನಾನು ನನಗೆ ಬರುವ ಕೊಂಕಣಿಯಲ್ಲಿ ಹೇಳಿದೆ. ಧಾಟಿ ಇಲ್ಲ, ಪ್ರಾಸ ಇಲ್ಲ, ಬರೀ ಮಾತು. ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸಿ, "ಸಾಯ್ಬಾ ಭೊಗೊಸ್!" ಎಂದು ದೇವರ ಕ್ಷಮೆ ಕೇಳಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ನನಗೂ ಆವತ್ತೇ ಮೊದಲ ಸಲ ಆ ಮಾತುಗಳು ಮಾತುಗಳಾಗಿ ಕೇಳಿಸಿದವು.

ಸಿನಿಮಾ ಹಾಡುಗಳೇನು ಸಾಚಾ ಅಲ್ಲ ಬಿಡಿ. ಹುಡುಗಿ ಬೇಡ ಅಂದಷ್ಟೂ ಬೆನ್ನು ಹತ್ತಬೇಕು, ಒಲ್ಲೆ ಅನ್ನುವುದೇ ಹೂಂ ಅನ್ನುವುದು ಎಂದು ಅವು ಹುಡುಗರ ತಲೆಯಲ್ಲಿ ತುಂಬಿದ್ದವು. ಸೇತುವೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಿನಾ ನನ್ನ ಹಿಂದೆ ನಿಂತು ಹಾಡುತ್ತಿದ್ದ. ಮೊದಮೊದಲು ನನಗೂ ಒಳಗೊಳಗೇ ಖುಷಿಯಾದದ್ದು ನಿಜ, ಅದನ್ನೇಕೆ ಮುಚ್ಚಿಡಲಿ? ಒಂದು ದಿನ ದುಪಟ್ಟಾಕ್ಕೆ ಕೈ ಹಾಕಿದ. ಚಪ್ಪಲಿ ಬಿಚ್ಚಿದೆ. ಆಮೇಲೆ ಅವನು ಹಾಡಿದ್ದನ್ನು ನಾನು ಕೇಳಿಲ್ಲ. ಚಪ್ಪಲಿಗೆ ಕೈ ಹೋದದ್ದು ಹೇಗೆಂದರೆ, ಈ ಹಾಡುಗಳನ್ನು ನಂಬಬೇಡ ಎಂದು ಹತ್ತು ಮಂದಿ ನನಗೆ ಹೇಳಿದ್ದರು. ಅವ್ವನ ಹಾಡುಗಳನ್ನು ನಂಬಬೇಡ ಎಂದು ಅಕ್ಕನಿಗೆ ಯಾರು ಹೇಳಿದ್ದರು? ಅವು ಅರಿಶಿಣ ಕುಂಕುಮ ಹಚ್ಚಿಕೊಂಡು, ಮಡಿಯುಟ್ಟುಕೊಂಡು ಮನೆಯೊಳಗೆ ಬಂದವು. ಅವನ್ನು ಅನುಮಾನಿಸುವುದೆಂದರೆ ಹಡೆದ ತಾಯಿಯನ್ನೇ ಅನುಮಾನಿಸಿದಂತೆ.

ಅಕ್ಕನ ಸಂಬಂಧ ಸಾಂಗೆಯಲ್ಲಿ ಕೂಡಿಬಂತು. ಅವರೂ ಬೆಳಗಾವಿ ಕಡೆಯ ವ್ಯಾಪಾರಸ್ಥರು, ಅದಿರು ಸಾಗಿಸುವ ಲಾರಿಗಳ ಬಿಡಿಭಾಗಗಳ ಅಂಗಡಿ. ಹುಡುಗಿ ನೋಡಲು ಬಂದ ದಿನ ಹುಡುಗನ ತಾಯಿ ನಮ್ಮ ಅಡುಗೆಮನೆಯ ಮಸಿ ಹಿಡಿದ ಗೋಡೆಯನ್ನು ನೋಡಿ, "ನಮ್ಮಲ್ಲಿ ಗ್ಯಾಸ್ ಐತ್ರೀ. ನಿಮ್ಮ ಮಗಳು ಹೊಗಿ ಕುಡಿಯೂ ಕಾಲ ಮುಗೀತು ಅಂತ ತಿಳೀರಿ" ಅಂದರು. ಅವ್ವ ಹಿರಿಹಿರಿ ಹಿಗ್ಗಿದಳು. ಮದುವೆಯಲ್ಲಿ ಉಡಿ ತುಂಬುವಾಗ ಅವ್ವ ಹಾಡು ಅರ್ಧಕ್ಕೇ ಬಿಟ್ಟು ಅಳತೊಡಗಿದಳು. ಆಗ ಅಕ್ಕ ತಾನೇ ಉಳಿದ ಸಾಲುಗಳನ್ನು ಹಾಡಿ ಮುಗಿಸಿದಳು. ತನ್ನನ್ನು ತಾನೇ ಕಳಿಸಿಕೊಟ್ಟ ಮದುಮಗಳು ಎಂದು ಹೆಂಗಸರು ಲಟಿಕೆ ಮುರಿದು ದೃಷ್ಟಿ ತೆಗೆದರು.

ಮರುವರ್ಷ ಪಂಚಮಿಗೆ ಅವಳನ್ನು ಕರೆತರಬೇಕು. ಅಣ್ಣ ತಮ್ಮ ಯಾರೂ ಇಲ್ಲದ್ದರಿಂದ ಅಪ್ಪನ ಜೊತೆ ನಾನು ಹೊರಟೆ. ಮಡಗಾಂವಿನಲ್ಲಿ ಬಸ್ಸು ಬದಲಿಸಿ, ಮಳೆಗೆ ಕೆಂಪು ರಾಡಿಯಾದ ರಸ್ತೆಯಲ್ಲಿ ಸಾಂಗೆ ಮುಟ್ಟಿದಾಗ ಊಟದ ಹೊತ್ತು. ಈ ಸಲ ಕಳಿಸಲಿಕ್ಕೆ ಆಗುವುದಿಲ್ಲ, ಮನೆಯಲ್ಲಿ ಕೆಲಸ ಬಹಳ ಎಂದು ಅತ್ತೆ ಬಾಗಿಲಲ್ಲೇ ಹೇಳಿದರು. ಅಕ್ಕ ಅಡುಗೆಮನೆಯಿಂದ ನೀರು ತಂದಳು. ಎರಡೂ ಕಣ್ಣು ಬಾತು ಕೆಂಡದಂತಾಗಿದ್ದವು.

"ಕಣ್ಣಿಗೆ ಏನಾತವಾ?" ಎಂದ ಅಪ್ಪ.

"ಏನಿಲ್ಲಪಾ. ಒಲಿ ಹೊಗಿ ಹೋತು."

ಅವಳ ಬೆನ್ನ ಹಿಂದೆ, ತೆರೆದ ಬಾಗಿಲಿನಲ್ಲಿ, ಗ್ಯಾಸಿನ ಒಲೆ ಉರಿಯುತ್ತಿತ್ತು. ಅದರ ಮೇಲೆ ಹಾಲು. ಹೊಗೆ ಎಲ್ಲಿಯದು? ಆ ಮನೆಯಲ್ಲಿ ಹೊಗೆಗೆ ಜಾಗವೇ ಇರಲಿಲ್ಲ! ಅಪ್ಪ ಮಾತ್ರ ಸಮಾಧಾನವಾದವನಂತೆ ತಲೆಯಾಡಿಸಿ ನೀರು ಕುಡಿದ. ಜೀವಮಾನವಿಡೀ ಕೇಳಿದ ಹಾಡಿನ ಉತ್ತರ ಅದು, ಅವನ ಕಿವಿಗೆ ಅದರಲ್ಲಿ ತಪ್ಪೇನೂ ಕೇಳಿಸಲಿಲ್ಲ. ಮರಳುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅಪಾ, ಅವರ ಮನ್ಯಾಗ ಗ್ಯಾಸ್ ಐತಿ."

"ಹೂಂ, ಐತಿ."

"ಮತ್ತ ಹೊಗಿ ಎಲ್ಲಿದು?"

ಅಪ್ಪ ಕಿಟಕಿಯ ಆಚೆ ನೋಡಿದ. "ದೊಡ್ಡ ಮನಿತನ ಅದು. ಬಾಯಿ ಮುಚ್ಚಿಕೊಂಡು ಕುಂದರು" ಎಂದ.

ಅವ್ವನಿಗೆ ಹೇಳಿದೆ. "ಎಲ್ಲಾರ ಮನ್ಯಾಗೂ ಇರೂದ ಅದು, ಹೊಸದಾಗಿ ಹೋದಾಕಿ, ಹೊಂದಿಕೊಳ್ಳತಾಳ" ಅಂದಳು. ಅಂದವಳು ಅಂದು ಊಟ ಮಾಡಲಿಲ್ಲ. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಹಾಡಿನ ಹೆಂಗಸಿಗಾಗಿ ಊರಿಗೆ ಊರೇ ಅಳುವಂತೆ ಮಾಡುವವಳು ಹೊಟ್ಟೆಯ ಮಗಳಿಗಾಗಿ ಒಂದು ಬಸ್ಸು ಹತ್ತಲಾರಳೇ?

ಕೊನೆಗೆ ಅಕ್ಕ ಮನೆಗೆ ಬಂದದ್ದು ಚೊಚ್ಚಲ ಹೆರಿಗೆಗೆ. ಹೆಣ್ಣು ಕೂಸು. ಬಾಣಂತಿಗೆ ಎಣ್ಣೆ ಹಚ್ಚಿ ಕಾದ ನೀರು ಎರೆಯುವ ಕೆಲಸ ಅವ್ವನದು, ನೀರು ತುಂಬಿಕೊಡುವುದು ನನ್ನದು. ಸೀರೆ ಸರಿಸಿದಾಗ ಅಕ್ಕನ ಬೆನ್ನು ಕಂಡಿತು. ಬರೆಗಳು. ಕೆಲವು ಹಳೆಯವು, ಕೆಲವು ಬಸುರಿಯಾದ ಮೇಲಿನವು. ಅವ್ವನ ಎಣ್ಣೆಗೈ ಅಲ್ಲೇ ನಿಂತಿತು.

"ಯವ್ವಾ... ಇದೇನ? ಯಾಕ ಹೇಳಲಿಲ್ಲ ನೀ?"

ಅಕ್ಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೇಳಬಾರದಲ್ಲವಾ" ಎಂದಳು. "ನನಗ ಆಗಿದ್ದು ಏನ್ ಮಹಾ? ಹಾಡಿನ್ಯಾಗಿನಾಕಿಗೆ ಇದಕ್ಕಿಂತ ಹೆಚ್ಚ ಆಗಿತ್ತು."

ಅವಳ ದನಿಯಲ್ಲಿ ದುಃಖವಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದರಲ್ಲಿ ಹೆಮ್ಮೆ ಇತ್ತು ಕಣ್ರೀ, ಹೆಮ್ಮೆ! ಪರೀಕ್ಷೆಯಲ್ಲಿ ಪಾಸಾದವಳ ಹೆಮ್ಮೆ. ನಾನು ಚೊಂಬನ್ನು ಬಚ್ಚಲ ಕಲ್ಲಿಗೆ ಬಡಿದು ಹೊರಗೆ ಬಂದೆ.

ಅಪ್ಪ ಬೀಗರನ್ನು ಕಂಡು ಬಂದ. ಇನ್ನು ಮೇಲೆ ಹಾಗಾಗುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರಂತೆ, ಎರಡನೆಯವಳ ಮದುವೆ ಬೇರೆ ಆಗಬೇಕಂತೆ. ಎರಡನೆಯವಳೆಂದರೆ ನಾನು. ನನ್ನ ಮದುವೆಯ ನೆಪದಲ್ಲಿ ಅವಳನ್ನು ಹೊಡೆತಕ್ಕೆ ಕಳಿಸಬೇಡ ಎಂದು ಕಿರುಚಿದೆ. ಅಪ್ಪ ಅಂಗಡಿಗೆ ಎದ್ದುಹೋದ. ಅಲ್ಲಿ ಟೇಪ್ ರೆಕಾರ್ಡರ್ ಜೋರಾಗಿ ಹಾಡುತ್ತಿತ್ತು.

ಹೆರಿಗೆಯಾದ ಐದನೆಯ ತಿಂಗಳಲ್ಲಿ ಅಕ್ಕನನ್ನು ಕರೆದೊಯ್ಯಲು ಸಾಂಗೆಯಿಂದ ಜೀಪು ಬಂತು. ಅತ್ತೆ, ಭಾವ, ಇನ್ನಿಬ್ಬರು ಹಿರಿಯರು. ನಮ್ಮ ಕಡೆಯ ಹೆಂಗಸರು ಪಡಸಾಲೆಯಲ್ಲಿ ಸೇರಿದರು. ಅಕ್ಕ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಳು, ಕೂಸು ನನ್ನ ತೊಡೆಯ ಮೇಲೆ. ಮೊರದ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಮೇಲೊಂದು ಕುಪ್ಪಸದ ಖಣ. ಎಲ್ಲರೂ ಅವ್ವನ ಮುಖ ನೋಡಿದರು.

"ಹಾಡ್ರಿ ಅಕ್ಕಾರ, ಹೊತ್ತಾಗತೈತಿ" ಎಂದಳೊಬ್ಬಳು.

ಅವ್ವ ಬಾಯಿ ತೆರೆಯಲಿಲ್ಲ. ಅಕ್ಕಿಯಲ್ಲಿ ಕೈಯಿಟ್ಟುಕೊಂಡು ಕುಳಿತೇ ಇದ್ದಳು. ಬೀಗತಿ ಬಾಗಿಲಿನಿಂದ ಕೆಮ್ಮಿದರು. ಹಾಡದಿದ್ದರೆ ಉಡಿ ತುಂಬುವಂತಿಲ್ಲ, ಉಡಿ ತುಂಬದಿದ್ದರೆ ಮಗಳು ಹೊರಡುವಂತಿಲ್ಲ. ಹಾಡಬೇಡವ್ವಾ, ನಿನ್ನ ದಮ್ಮಯ್ಯ, ಇದೊಂದು ಸಲ ಹಾಡಬೇಡ ಎಂದು ಮನಸ್ಸಿನಲ್ಲೇ ಅವಳ ಕಾಲು ಹಿಡಿದೆ.

ಆಗ ಅಕ್ಕ ತಾನೇ ಹಾಡತೊಡಗಿದಳು. ಕಣ್ಣು ಮುಚ್ಚಿಕೊಂಡು, ಸೆರಗು ಎರಡೂ ಕೈಯಲ್ಲಿ ಒಡ್ಡಿಕೊಂಡು. ದನಿ ಮೊದಲಿಗಿಂತ ಚೆನ್ನಾಗಿತ್ತು. ಹೆಂಗಸರು ಮೂಗು ಒರೆಸಿಕೊಳ್ಳತೊಡಗಿದರು, ಒಬ್ಬಿಬ್ಬರು ದನಿಗೂಡಿಸಿದರು. ಬೀಗತಿಯ ಕಣ್ಣಲ್ಲೂ ನೀರು! ಮಗನ ಕೈಯಿಂದ ಹೊಡೆಸಿದವಳೇ ಹೊಡೆತದ ಹಾಡಿಗೆ ಅಳುತ್ತಿದ್ದಳು. ಹಾಡು ಹೊಸ್ತಿಲಿನ ಸಾಲಿಗೆ ಬರುತ್ತಿದ್ದಂತೆ ಅಕ್ಕ ಮಣೆಯಿಂದ ಏಳಲು ಹೊರಟಳು.

ಅವ್ವ ಮುಂದೆ ಬಾಗಿ ಅಕ್ಕಿ ಮೆತ್ತಿದ ಅಂಗೈಯನ್ನು ಅವಳ ಬಾಯಿಯ ಮೇಲೆ ಒತ್ತಿ ಹಿಡಿದಳು. ಅಕ್ಕ ಕೊಸರಿದಳು. ಅವ್ವ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದಳು.

"ಕಳಸೂದಿಲ್ರೀ. ನೀವು ಹೋಗಿ ಬರ್ರಿ."

ಅಪ್ಪ ಕೂಗಾಡಿದ. ಭಾವ ಏನೇನೋ ಅಂದ. ಅವ್ವ ಕದಲಲಿಲ್ಲ. ಜೀಪು ಹೊರಟುಹೋದ ಮೇಲೆ, ಹೆಂಗಸರೆಲ್ಲ ಗುಸುಗುಸು ಮಾಡುತ್ತ ಎದ್ದುಹೋದ ಮೇಲೆ, ಅವಳು ಕೈ ತೆಗೆದಳು. ಅಕ್ಕ ನಮ್ಮನ್ನು ತಬ್ಬಿಕೊಂಡು ಅತ್ತಾಳು ಎಂದುಕೊಂಡಿದ್ದೆ. ಅವಳ ಮುಖ ಸಿಟ್ಟಿನಿಂದ ಬಿಳುಪೇರಿತ್ತು. ನಮ್ಮ ಮನೆಯಲ್ಲಿ ಅವಳು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾರ ನನಗ್ಯಾಕ ಕಲಿಸಿದಿ, ಅವ್ವಾ?" ಎಂದಳು.

ನನ್ನ ತೊಡೆಯ ಮೇಲಿನ ಕೂಸು ಎಚ್ಚೆತ್ತು ಅಳತೊಡಗಿತು. ಅದನ್ನು ಸುಮ್ಮನಾಗಿಸಲು ನಮ್ಮ ಮೂವರಿಗೂ ಆವತ್ತು ಒಂದು ಹಾಡೂ ಬರಲಿಲ್ಲ.